ಉಸುಕಿನಲ್ಲಿ ಹೂತ ಚೀಲ, ಗಾಳಿಗೆ ನಿಂತ ಡೇರೆ

ಕುಷ್ಟಗಿಯಿಂದ ಗಜೇಂದ್ರಗಡದ ದಾರಿ ಹಿಡಿದರೆ ಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನುಗಳು ಕಾಣಸಿಗುತ್ತವೆ. ಕಂಪನಿಗಳು ಇಷ್ಟು ದೂರ ಬಂದು ಕಂಬ ನೆಟ್ಟದ್ದು ಸುಮ್ಮನೆ ಅಲ್ಲ. ಮುಂಗಾರಿನ ತಿಂಗಳುಗಳಲ್ಲಿ ಪಡುವಣದಿಂದ ಎಡೆಬಿಡದೆ ಬೀಸುವ ಗಾಳಿ, ಅದಕ್ಕೂ ಮೊದಲು ಏಪ್ರಿಲ್, ಮೇ ಸಂಜೆಗಳಲ್ಲಿ ಮೋಡ ಕವಿದು ಧೂಳೆಬ್ಬಿಸಿಕೊಂಡು ನುಗ್ಗುವ ಬಿರುಗಾಳಿ, ಎರಡನ್ನೂ ಈ ಬಯಲುಸೀಮೆ ಚೆನ್ನಾಗಿ ಬಲ್ಲದು. ಮನೆಯ ತಗಡು ಹಾರದಿರಲಿ ಎಂದು ಅದರ ಮೇಲೆ ಕಲ್ಲು ಹೇರಿಟ್ಟದ್ದನ್ನು ಇಲ್ಲಿನ ಊರೂರಲ್ಲೂ ನೋಡಬಹುದು.

ಇದೇ ಊರುಗಳಿಂದ ಈಗ ಮನೆಮಂದಿಯೆಲ್ಲ ಟೆಂಟು ಕಟ್ಟಿಕೊಂಡು ಹೊರಗೆ ಮಲಗಲು ಹೊರಡುತ್ತಿದ್ದಾರೆ. ದಸರೆ ರಜೆಗೋ ಡಿಸೆಂಬರಿನ ರಜೆಗೋ ಕಾರಿನ ಡಿಕ್ಕಿಯಲ್ಲಿ ನಾಲ್ಕು ಜನರ ಟೆಂಟು, ಚಾಪೆ, ಗ್ಯಾಸ್ ಒಲೆ ತುಂಬಿಕೊಂಡು ಕೆಲವರು ತುಂಗಭದ್ರೆಯ ದಂಡೆಗೆ ಇಳಿಯುತ್ತಾರೆ. ಕೆಲವರು ಹುಬ್ಬಳ್ಳಿ ದಾಟಿ ಗೋಕರ್ಣ, ಮುರ್ಡೇಶ್ವರ ಸೇರುತ್ತಾರೆ. ನನಗೆ ಇದು ಬಹಳ ಒಳ್ಳೆಯ ಬೆಳವಣಿಗೆ ಎನಿಸುತ್ತದೆ. ಮಕ್ಕಳು ಆಕಾಶ ನೋಡುತ್ತಾ ಮಲಗಬೇಕು. ಆದರೆ ಹೋಗುವ ಎರಡೂ ಕಡೆ ಕಾಲಡಿ ಇರುವುದು ಉಸುಕು. ಟೆಂಟಿನ ಚೀಲದಲ್ಲಿ ಬರುವ ಗೂಟಗಳೋ, ಗೇಣುದ್ದದ ಸಣ್ಣ ತಂತಿಗಳು. ನಮ್ಮ ಕೆಂಪು ಮಣ್ಣಿನ ಮಸಾರಿ ಹೊಲದಲ್ಲಿ ಕಲ್ಲಿನಿಂದ ಬಡಿದರೆ ಅವು ಹೇಗೋ ಹಿಡಿದುಕೊಳ್ಳುತ್ತವೆ. ಒಣ ಉಸುಕಿನಲ್ಲಿ ಅವನ್ನು ಮಗು ಕೂಡ ಎರಡು ಬೆರಳಲ್ಲಿ ಎಳೆದು ತೆಗೆಯಬಲ್ಲದು. ಮಗುವಿನ ಬೆರಳಿಗೆ ಬರುವ ಗೂಟ ನಡುರಾತ್ರಿಯ ಗಾಳಿಗೆ ನಿಲ್ಲುವುದಿಲ್ಲ. ಒಳಗೆ ಮಲಗಿರುವವರು ನಮ್ಮವರೇ ಆದ್ದರಿಂದ ಈ ಮಾತನ್ನು ಬಿಡಿಸಿ ಹೇಳಬೇಕಾಗಿದೆ.

ಡೇರೆ ಕಟ್ಟುವ ವಿದ್ಯೆ ನಮಗೆ ಹೊಸದಲ್ಲ. ಹೊಲದಲ್ಲಿ ಕುರಿ ತರುಬುವ ಕುರಿಗಾರರನ್ನು ನೋಡಿ. ಮಳೆಗಾಲ ಕಳೆದು ಸುಗ್ಗಿ ಮುಗಿಯುತ್ತಿದ್ದಂತೆ ಹಿಂಡು ಹೊಡೆದುಕೊಂಡು ಮೇವು ಇರುವ ಕಡೆ, ಭತ್ತ ಕೊಯ್ದ ಗದ್ದೆಗಳ ಕಡೆ ಅವರು ನಡೆಯುತ್ತಾರೆ. ಜೊತೆಗೆ ಹೆಂಡತಿ ಮಕ್ಕಳು, ನಾಯಿ, ಕೋಳಿ, ಹೊರೆ ಹೊರುವ ಕುದುರೆ. ಇವತ್ತು ಕಪ್ಪು ಮಣ್ಣಿನ ಎರಿ ಹೊಲ, ನಾಳೆ ಮಸಾರಿ, ನಾಳಿದ್ದು ಹಳ್ಳದ ದಂಡೆ. ನೆಲ ಬದಲಾದ ಹಾಗೆ ಕಟ್ಟುವ ರೀತಿಯೂ ಬದಲಾಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರಿಯಲ್ಲಿ ಗೂಟ ಸಡಿಲು, ಮಸಾರಿಯಲ್ಲಿ ಗಟ್ಟಿ, ಉಸುಕಿನಲ್ಲಿ ಇಲ್ಲವೇ ಇಲ್ಲ. ಅಂಥಲ್ಲಿ ಹಗ್ಗವನ್ನು ಗೂಟಕ್ಕೆ ಬಿಗಿಯುವುದಕ್ಕಿಂತ ದೊಡ್ಡ ಕಲ್ಲಿಗೋ ತುಂಬಿದ ಚೀಲಕ್ಕೋ ಜಾಲಿಯ ಬುಡಕ್ಕೋ ಬಿಗಿಯುವುದೇ ನೇರ ದಾರಿ. ಅವರ ಡೇರೆ ಯಾವಾಗಲೂ ಗಿಡ್ಡ. ಒಳಗೆ ನಿಲ್ಲಲು ಆಗದು, ಕೂರಬೇಕು. ಗಾಳಿಗೆ ಎದೆ ಕೊಡದೆ ಬೆನ್ನು ಬಾಗಿಸಿಕೊಂಡಿರುವ ಆ ಗಿಡ್ಡತನವೇ ಅದರ ಮೊದಲ ಭದ್ರತೆ.

ಕುರಿಗಾರರಷ್ಟೇ ಅಲ್ಲ, ಗುಳೆ ಹೋಗುವ ಕುಟುಂಬಗಳೂ ಇದನ್ನು ಕಲಿತಿವೆ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಂದ ಮಂಗಳೂರು, ಉಡುಪಿ, ಗೋವಾ, ಬೆಂಗಳೂರಿಗೆ ದುಡಿಯಲು ಹೋದವರು ಕಟ್ಟಡದ ಪಕ್ಕದಲ್ಲಿ, ಕರಾವಳಿಯ ಉಸುಕು ಮಣ್ಣಿನ ಖಾಲಿ ಜಾಗಗಳಲ್ಲಿ ತಾಡಪತ್ರಿ ಹೊದಿಸಿ ಸಂಸಾರ ಹೂಡುತ್ತಾರೆ. ನಮಗೆ ಒಂದು ರಾತ್ರಿಯ ಸಂತೋಷವಾದದ್ದು ಅವರಿಗೆ ತಿಂಗಳುಗಟ್ಟಲೆಯ ಬದುಕು. ತಾಡಪತ್ರಿಯ ಅಂಚನ್ನು ಸಿಮೆಂಟಿನ ಖಾಲಿ ಚೀಲಗಳಿಗೆ ಮಣ್ಣು ತುಂಬಿ ಅದುಮಿಡುವುದನ್ನು ಅವರಿಗೆ ಯಾವ ಕೈಪಿಡಿಯೂ ಕಲಿಸಿಲ್ಲ. ರಜೆಗೆ ಟೆಂಟು ಕೊಳ್ಳುವವರು ಅಂಗಡಿಯ ಮಾತಿಗಿಂತ ಇವರ ಕೈಕೆಲಸವನ್ನು ನಂಬುವುದು ಲೇಸು.

ಇತಿಹಾಸದಲ್ಲೂ ಈ ನೆಲ ಡೇರೆಗಳನ್ನು ಬೇಕಾದಷ್ಟು ಕಂಡಿದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಮೇಲೆ ದಂಡು ಒಯ್ದಾಗಿನ ಪಾಳೆಯವನ್ನು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬಣ್ಣಿಸಿದ್ದಾನೆ. ಅರಸನ ಡೇರೆಯ ಸುತ್ತ ಮುಳ್ಳಿನ ಬೇಲಿ, ಒಳಹೋಗಲು ಒಂದೇ ಬಾಗಿಲು. ಆ ಬೇಲಿ ಕಾವಲಿಗೆ ಹಾಕಿದ್ದು. ಆದರೆ ಕುರಿಗಾರರು ಇಂದಿಗೂ ಹಾಕುವ ಜಾಲಿ ಮುಳ್ಳಿನ ಬೇಲಿ ತೋಳವನ್ನು ತಡೆಯುವ ಜೊತೆಗೆ ಗಾಳಿಯ ಬಿರುಸನ್ನೂ ಮುರಿಯುತ್ತದೆ. ಗೋಡೆ ಗಾಳಿಯನ್ನು ತಡೆದು ಆಚೆ ಬದಿಯಲ್ಲಿ ಸುಳಿ ಎಬ್ಬಿಸುತ್ತದೆ. ಮುಳ್ಳಿನ ಬೇಲಿ ಗಾಳಿಯನ್ನು ಸೋಸಿ ಬಿಡುತ್ತದೆ.

ಇನ್ನು ಉಸುಕಿನ ವಿಷಯ. ಮಣ್ಣಿನಲ್ಲಿ ಜೇಡಿಯ ಅಂಶ ಇರುವುದರಿಂದ ಕಣಕ್ಕೆ ಕಣ ಅಂಟಿರುತ್ತದೆ. ಹೊಡೆದ ಗೂಟವನ್ನು ಆ ಅಂಟು ಹಿಡಿಯುತ್ತದೆ. ಒಣ ಉಸುಕಿನಲ್ಲಿ ಅಂಟು ಎಂಬುದು ಇಲ್ಲ. ಕಣದ ಮೇಲೆ ಕಣ ಕೂತಿರುತ್ತದೆ, ಅಷ್ಟೆ. ಅದನ್ನು ಗುಡ್ಡೆ ಸುರಿದರೆ ಇಳಿಜಾರು ಮೂವತ್ತು ಮೂವತ್ತೈದು ಡಿಗ್ರಿ ದಾಟುವುದಿಲ್ಲ, ಜಾರಿ ಬೀಳುತ್ತದೆ. ಅದಕ್ಕೆ ಇರುವುದು ಎರಡೇ ಬಲ: ತನ್ನ ತೂಕ, ಮತ್ತು ಆ ತೂಕದಿಂದ ಹುಟ್ಟುವ ತಿಕ್ಕಾಟ. ಮೇಲ್ಗಡೆ ಒತ್ತುವ ತೂಕ ಕಡಿಮೆ, ಆದ್ದರಿಂದ ಹಿಡಿತವೂ ಕಡಿಮೆ. ಆಳಕ್ಕೆ ಹೋದಂತೆ ಮೇಲಿನ ಉಸುಕಿನ ಭಾರ ಏರುತ್ತದೆ, ಹಿಡಿತವೂ ಏರುತ್ತದೆ. ಲೆಕ್ಕದ ಪ್ರಕಾರ ಗೂಟ ಎರಡು ಪಟ್ಟು ಆಳಕ್ಕೆ ಇಳಿದರೆ ಹಿಡಿತ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ಏಕೆಂದರೆ ಉಸುಕು ತಾಗುವ ಮೈಯೂ ದುಪ್ಪಟ್ಟು, ಒತ್ತುವ ಭಾರವೂ ದುಪ್ಪಟ್ಟು. ಗೇಣುದ್ದದ ತಂತಿ ಸೋಲುವುದು ಇಲ್ಲಿ.

ಗಾಳಿಯ ಕಡೆಯ ಲೆಕ್ಕವನ್ನೂ ನೋಡಿಬಿಡೋಣ. ನಾಲ್ಕು ಜನರ ಟೆಂಟಿನ ಒಂದು ಪಕ್ಕ ಸುಮಾರು ಮೂರು ಚದರ ಮೀಟರ್ ಎನ್ನಿ. ಗಂಟೆಗೆ 36 ಕಿ.ಮೀ. ವೇಗದ ಗಾಳಿ ಅದಕ್ಕೆ ನೇರವಾಗಿ ಬಡಿದರೆ ಬೀಳುವ ಒತ್ತಡ ಸುಮಾರು 18 ಕೆ.ಜಿ. ಭಾರಕ್ಕೆ ಸಮ. ವೇಗ 54 ಕಿ.ಮೀ.ಗೆ ಏರಿದರೆ ಅದು 40 ಕೆ.ಜಿ. ದಾಟುತ್ತದೆ. 72 ಕಿ.ಮೀ. ಆದರೆ 73 ಕೆ.ಜಿ.! ವೇಗ ಎರಡು ಪಟ್ಟಾದಾಗ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಗುಡುಗು ಮಳೆಯ ಮುನ್ಸೂಚನೆಯಲ್ಲಿ ಹವಾಮಾನ ಇಲಾಖೆ ಗಂಟೆಗೆ 40ರಿಂದ 50 ಕಿ.ಮೀ. ಗಾಳಿ ಎಂದು ಹೇಳುವುದನ್ನು ನಾವು ಪ್ರತಿ ಬೇಸಿಗೆಯಲ್ಲೂ ಕೇಳುತ್ತೇವೆ. ಅಷ್ಟು ಗಾಳಿ ನಮ್ಮ ಕಡೆ ಅಪರೂಪವೇನಲ್ಲ. ಸಾಲದ್ದಕ್ಕೆ ಬಟ್ಟೆಯ ಅಡಿಯಿಂದ ನುಗ್ಗಿದ ಗಾಳಿ ಟೆಂಟನ್ನು ಮೇಲಕ್ಕೂ ಎತ್ತುತ್ತದೆ.

ಹಾಗಾದರೆ ಭಾರವಾದ ವಸ್ತುವನ್ನು ಮೂಲೆಗೆ ಇಟ್ಟರಾಯಿತಲ್ಲ ಎಂದು ಅನೇಕರು ನೀರು ತುಂಬಿದ ಕ್ಯಾನು ಇಡುತ್ತಾರೆ. ಇಪ್ಪತ್ತು ಲೀಟರಿನ ಕ್ಯಾನು ಇಪ್ಪತ್ತು ಕೆ.ಜಿ. ತೂಗುತ್ತದೆ ನಿಜ. ಆದರೆ ಅದನ್ನು ಉಸುಕಿನ ಮೇಲೆ ಅಡ್ಡಕ್ಕೆ ಎಳೆಯಲು ಅದರ ತೂಕದ ಅರ್ಧಕ್ಕಿಂತ ತುಸು ಹೆಚ್ಚು ಬಲ ಸಾಕು. ಹಗ್ಗ ಮೇಲಕ್ಕೂ ಎಳೆಯುತ್ತಿದ್ದರೆ ಇನ್ನೂ ಕಡಿಮೆ. ಮೇಲಿಟ್ಟ ಭಾರ ಜಾರುತ್ತದೆ. ಅದೇ ಭಾರವನ್ನು ಹೂತರೆ ಜಾರಲು ದಾರಿ ಇರುವುದಿಲ್ಲ, ಅದರ ಮುಂದಿನ ಮತ್ತು ಮೇಲಿನ ಉಸುಕೆಲ್ಲ ಅದರ ಪರವಾಗಿ ನಿಲ್ಲುತ್ತದೆ. ಉಸುಕಿನ ಮೇಲೆ ಡೇರೆ ಕಟ್ಟುವ ವಿದ್ಯೆಯ ತಿರುಳು ಇಷ್ಟೇ. ಗೂಟ ಹೊಡೆಯುವ ಆಸೆ ಬಿಟ್ಟು, ಹೂಳುವ ಕೆಲಸಕ್ಕೆ ಕೈ ಹಾಕಬೇಕು.

ಹೂಳಲು ಏನು ಬೇಕು? ಮನೆಯಲ್ಲಿ ಬಿದ್ದಿರುವ ಜೋಳದ ಗೋಣಿಚೀಲ, ರಸಗೊಬ್ಬರದ ಖಾಲಿ ಚೀಲ, ಹಳೆಯ ಪ್ಯಾಂಟಿನ ಕಾಲು, ಯಾವುದಾದರೂ ನಡೆಯುತ್ತದೆ. ಒಂದೂವರೆ ಅಡಿ ಉದ್ದ, ಮುಕ್ಕಾಲು ಅಡಿ ಅಗಲ ಆಗುವಷ್ಟು ಉಸುಕು ತುಂಬಿ ಬಾಯಿ ಕಟ್ಟಿ. ಹಗ್ಗವನ್ನು ಬಾಯಿಗೆ ಕಟ್ಟಬೇಡಿ, ಚೀಲದ ನಡುವಿಗೆ ಎರಡು ಸುತ್ತು ಸುತ್ತಿ ಬಿಗಿಯಿರಿ. ಟೆಂಟಿನ ಹಗ್ಗ ಯಾವ ದಿಕ್ಕಿಗೆ ಎಳೆಯುತ್ತದೋ ಅದಕ್ಕೆ ಅಡ್ಡಲಾಗಿ ಚೀಲ ಮಲಗುವಂತೆ ಗುಂಡಿ ತೋಡಿ. ಕೈಯಳತೆಯ ಗುಂಡಿ ಸಾಲದು. ಚೀಲ ಮಲಗಿದ ಮೇಲೆ ಅದರ ಮೇಲೆ ಕನಿಷ್ಠ ಒಂದು ಅಡಿ ಉಸುಕು ಬೀಳಬೇಕು. ಅಷ್ಟು ಉಸುಕಿನ ತೂಕವೇ ಸುಮಾರು 50 ಕೆ.ಜಿ., ಏಕೆಂದರೆ ಒಣ ಉಸುಕು ಲೀಟರಿಗೆ ಒಂದೂವರೆ ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ. ಎರಡು ಅಡಿ ತೋಡುವ ತಾಳ್ಮೆ ಇದ್ದರೆ 100 ಕೆ.ಜಿ. ಅಕ್ಕಪಕ್ಕದ ಉಸುಕೂ ಜೊತೆಗೆ ಎಳೆತ ತಡೆಯುವುದರಿಂದ ನಿಜವಾದ ಬಲ ಇದಕ್ಕಿಂತ ಹೆಚ್ಚೇ.

ಬಹಳ ಜನ ಮರೆಯುವುದು ಹಗ್ಗದ ದಾರಿಯನ್ನು. ಗುಂಡಿಯ ಅಂಚಿನಿಂದ ಹಗ್ಗ ನೇರವಾಗಿ ಮೇಲೆ ಬಂದು ಅಲ್ಲಿಂದ ಟೆಂಟಿನ ಕಡೆ ಬಾಗಿದರೆ ಅದು ಚೀಲವನ್ನು ಮೇಲಕ್ಕೆ ಎತ್ತುತ್ತದೆ. ಅಂಚಿನ ಉಸುಕನ್ನು ಕೊರೆದುಕೊಂಡು ಸಡಿಲವೂ ಆಗುತ್ತದೆ. ಗುಂಡಿಯಿಂದ ಟೆಂಟಿನ ದಿಕ್ಕಿಗೆ ಬೆರಳಿನಿಂದ ಒಂದು ಇಳಿಜಾರು ಕಾಲುವೆ ಎಳೆದು, ಹಗ್ಗ ಚೀಲದಿಂದ ಟೆಂಟಿನವರೆಗೆ ಒಂದೇ ಗೆರೆಯಲ್ಲಿ ಇರುವಂತೆ ನೋಡಿಕೊಳ್ಳಿ. ಚೀಲವನ್ನು ಟೆಂಟಿನಿಂದ ಎಷ್ಟು ದೂರ ಹೂತರೆ ಎಳೆತ ಅಷ್ಟು ಅಡ್ಡವಾಗುತ್ತದೆ. ಹಗ್ಗ ಕಟ್ಟಿದ ಎತ್ತರ ನಾಲ್ಕು ಅಡಿ ಇದ್ದರೆ ದೂರವೂ ನಾಲ್ಕು ಅಡಿಗೆ ಕಡಿಮೆ ಇರಕೂಡದು. ಆರು ಅಡಿ ಇದ್ದರೆ ಇನ್ನೂ ಒಳ್ಳೆಯದು.

ಚೀಲ ಇಲ್ಲದಿದ್ದರೆ ಕೋಲಾದರೂ ಆದೀತು. ಬೇವಿನದೋ ಜಾಲಿಯದೋ ಮೊಣಕೈ ಉದ್ದದ, ಹೆಬ್ಬೆರಳಿಗಿಂತ ದಪ್ಪದ ತುಂಡನ್ನು ಹೀಗೆಯೇ ಅಡ್ಡ ಮಲಗಿಸಿ ಹೂಳಿ. ಟೆಂಟಿನ ಜೊತೆ ಬಂದ ತಂತಿ ಗೂಟಗಳನ್ನು ಕೂಡ ನೆಟ್ಟಗೆ ಹೊಡೆಯುವ ಬದಲು ಎರಡು ಮೂರು ಸೇರಿಸಿ ಕಟ್ಟಿ ಅಡ್ಡ ಹೂತರೆ ಟೆಂಟಿನ ಬುಡದ ಕುಣಿಕೆಗಳಿಗೆ ಸಾಕು. ಮುಖ್ಯ ಹಗ್ಗಗಳಿಗೆ ಸಾಲದು. ಅಂಗಡಿಯಲ್ಲಿ ಉಸುಕಿಗೆಂದೇ ಅಗಲ ಪಟ್ಟಿಯ ಉದ್ದನೆಯ ಗೂಟಗಳೂ ಸಿಗುತ್ತವೆ. ಅವು ಒದ್ದೆ ಉಸುಕಿನಲ್ಲಿ ಕೆಲಸ ಮಾಡುತ್ತವೆ. ಒಣ ಉಸುಕಿನಲ್ಲಿ ನಾನು ಚೀಲವನ್ನೇ ನಂಬುತ್ತೇನೆ.

ಹೂತ ಮೇಲೆ ಉಸುಕನ್ನು ಒಮ್ಮೆಲೇ ಸುರಿಯದೆ ಪದರ ಪದರವಾಗಿ ಹಾಕಿ ಕಾಲಿನಿಂದ ತುಳಿಯಬೇಕು. ನಡುನಡುವೆ ನೀರು ಚಿಮುಕಿಸಿದರೆ ಹಿಡಿತ ಹೆಚ್ಚುತ್ತದೆ. ಕಣಗಳ ಸಂದಿಯಲ್ಲಿ ನಿಂತ ನೀರು ಅವನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಇದಕ್ಕೆ ಎಷ್ಟು ನೀರು ಬೇಕು ಎಂಬುದನ್ನು 2012ರಲ್ಲಿ ವಿಜ್ಞಾನಿಗಳು ಉಸುಕಿನ ಕಂಬಗಳನ್ನು ಕಟ್ಟಿಯೇ ಪರೀಕ್ಷಿಸಿದರು. ಗಾತ್ರದಲ್ಲಿ ಶೇ. 1ರಷ್ಟು ನೀರಿದ್ದಾಗ ಕಂಬ ಎಲ್ಲಕ್ಕಿಂತ ಗಟ್ಟಿ ಎಂದು ಕಂಡುಬಂತು. ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಕೊಡಗಟ್ಟಲೆ ಸುರಿದರೆ ಸಂದಿಗಳೆಲ್ಲ ತುಂಬಿ ಆ ಎಳೆತವೇ ಇಲ್ಲವಾಗುತ್ತದೆ. ಚಿಮುಕಿಸಿದರೆ ಸಾಕು. ಆದರೂ ನೀರನ್ನೇ ನೆಚ್ಚಿ ಗುಂಡಿಯ ಆಳ ಕಡಿಮೆ ಮಾಡುವಂತಿಲ್ಲ. ಮರುದಿನ ಮಧ್ಯಾಹ್ನದ ಬಿಸಿಲಿಗೆ ಮೇಲಿನ ಪದರ ಮತ್ತೆ ಒಣಗಿರುತ್ತದೆ.

ಕಟ್ಟಿದ ಮೇಲೆ ಪರೀಕ್ಷೆ. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಟೆಂಟು ಎಳೆಯುವ ದಿಕ್ಕಿಗೇ, ಮೈಭಾರವೆಲ್ಲ ಬಿಟ್ಟು ಹಿಂದಕ್ಕೆ ವಾಲಿ. ಉಸುಕು ಉಬ್ಬಿದರೆ, ಸಣ್ಣ ಬಿರುಕು ಕಂಡರೆ ಇನ್ನೂ ಆಳ ತೋಡಬೇಕು. ಮನೆಯಲ್ಲಿ ಎಲ್ಲರಿಗಿಂತ ದಪ್ಪಗಿರುವವರು ಈ ಪರೀಕ್ಷೆ ಮಾಡಲಿ. ಹೆಂಗಸರು, ಮಕ್ಕಳು, ಅಜ್ಜ, ಎಲ್ಲರೂ ಒಂದೊಂದು ಹಗ್ಗ ಎಳೆದು ನೋಡುವುದರಲ್ಲಿ ಇನ್ನೊಂದು ಲಾಭವಿದೆ. ಯಾವ ಹಗ್ಗ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ರಾತ್ರಿ ಮೂತ್ರಕ್ಕೆ ಎದ್ದ ಮಗು ಎಡವಿ ಬೀಳುವುದು ಈ ಹಗ್ಗಗಳಿಗೇ; ಅದಕ್ಕಾಗಿ ಹಗ್ಗದ ನಡುವೆ ಬಿಳಿ ಬಟ್ಟೆಯ ಚೂರು ಕಟ್ಟಿಬಿಡಿ.

ಹಗ್ಗದ ಗುಣವೂ ಗೊತ್ತಿರಬೇಕು. ಪುಂಡಿ ನಾರಿನ, ಹತ್ತಿಯ ಹಗ್ಗ ಒದ್ದೆಯಾದರೆ ಬಿಗಿಯುತ್ತದೆ. ಮಳೆ ಬರುವ ರಾತ್ರಿ ಅದನ್ನು ತುಸು ಸಡಿಲ ಬಿಡದಿದ್ದರೆ ಕುಣಿಕೆಯೇ ಹರಿಯುತ್ತದೆ. ನೈಲಾನ್ ಹಗ್ಗ ಇದಕ್ಕೆ ತಿರುಗುಮುರುಗು. ಇಬ್ಬನಿ ಕುಡಿದರೆ ಅದು ಹಿಗ್ಗಿ ಜೋಲುತ್ತದೆ. ಸಂಜೆ ತಂತಿಯಂತೆ ಬಿಗಿದಿದ್ದ ಟೆಂಟು ಬೆಳಗಿನ ಜಾವಕ್ಕೆ ಪಟಪಟನೆ ಬಡಿದುಕೊಳ್ಳಲು ಇದೂ ಒಂದು ಕಾರಣ. ಹಾಗೆ ಬಡಿದುಕೊಳ್ಳುವ ಬಟ್ಟೆ ಪ್ರತಿ ಬಡಿತಕ್ಕೂ ಹಗ್ಗವನ್ನು ಜಗ್ಗಿ ಜಗ್ಗಿ ಹೂತದ್ದನ್ನು ಸಡಿಲಿಸುತ್ತದೆ. ಮಲಗುವ ಮುನ್ನ ಒಮ್ಮೆ, ನಡುವೆ ಎಚ್ಚರವಾದಾಗ ಇನ್ನೊಮ್ಮೆ ಹೊರಗೆ ಹೋಗಿ ಹಗ್ಗ ಬಿಗಿಯುವುದು ಮನೆಯ ಹಿರಿಯರ ಪಾಲಿನ ಕೆಲಸ.

ಕೊಲ್ಲಿ ದೇಶಗಳಲ್ಲಿ ನೆಲೆಸಿದ ನಮ್ಮವರು ಚಳಿಗಾಲದ ವಾರಾಂತ್ಯಗಳಲ್ಲಿ ಮರುಭೂಮಿಗೆ ಟೆಂಟು ಒಯ್ಯುವುದು ವಾಡಿಕೆ. ಅಲ್ಲಿನ ಅಲೆಮಾರಿ ಬೆದುಯಿನರ ಹಳೆಯ ಡೇರೆಗಳು ಆಡಿನ ಕೂದಲಿನಿಂದ ನೇಯ್ದವು, ನೆಲಕ್ಕೆ ತಗ್ಗಾಗಿ ಹರಡಿದವು, ಹಗ್ಗಗಳು ಬಲು ಉದ್ದ. ನಮ್ಮ ಕುರಿಗಾರರು ಕಂಬಳಿ ಹೊದ್ದು ಕೂರುವ ಗಿಡ್ಡ ಡೇರೆಗೂ ಅದಕ್ಕೂ ನಡುವೆ ಸಮುದ್ರವೇ ಇದ್ದರೂ ಗಾಳಿಗೆ ಕೊಟ್ಟ ಉತ್ತರ ಒಂದೇ.

ಇಷ್ಟೆಲ್ಲ ಗಟ್ಟಿಯಾಗಿ ಕಟ್ಟಿದ ಮೇಲೂ ಕಟ್ಟಿದ ಜಾಗವೇ ತಪ್ಪಾದರೆ ಎಲ್ಲವೂ ವ್ಯರ್ಥ. ತುಂಗಭದ್ರೆಯ ಉಸುಕು ನೋಡಲು ಎಷ್ಟು ಚಂದವೋ ಅಷ್ಟೇ ಎಚ್ಚರ ಬೇಡುತ್ತದೆ. ಮುನಿರಾಬಾದಿನ ಬಳಿ ಇರುವ ಅಣೆಕಟ್ಟಿಗೆ 33 ಕ್ರಸ್ಟ್ ಗೇಟುಗಳಿವೆ. ಗೇಟು ಎತ್ತಿದಾಗ ಕೆಳಗಿನ ಹುಲಿಗಿಯಿಂದ ಆನೆಗೊಂದಿ, ಕಂಪ್ಲಿಯವರೆಗೂ ಹೊಳೆ ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದು ಈ ಸೀಮೆಯ ಯಾರೂ ಮರೆತಿಲ್ಲ. ಅಂಥ ಅವಘಡ ಆಗದಿದ್ದರೂ ಮಳೆಗಾಲದಲ್ಲಿ ನೀರು ಬಿಡುವುದು ಸಾಮಾನ್ಯ ಸಂಗತಿ. ನಮ್ಮ ತಲೆಯ ಮೇಲೆ ಮೋಡವೇ ಇಲ್ಲದಿರಬಹುದು. ಮಲೆನಾಡಿನಲ್ಲಿ ಸುರಿದ ಮಳೆ ನಮ್ಮ ಹಾಸಿಗೆಯ ಅಡಿಗೆ ಬಂದಿರುತ್ತದೆ. ಹೊಳೆಯ ನಡುವಿನ ಉಸುಕಿನ ದಿಬ್ಬದ ಮೇಲೆ ಮಕ್ಕಳೊಂದಿಗೆ ರಾತ್ರಿ ಕಳೆಯುವುದು ಯಾವ ಕಾಲಕ್ಕೂ ಸರಿಯಲ್ಲ. ದಂಡೆಯಲ್ಲಿ ಹಳೆಯ ನೆರೆಯ ಕಸಕಡ್ಡಿ ಗಿಡಗಳಿಗೆ ಸಿಕ್ಕಿಕೊಂಡಿರುವ ಗುರುತು ನೋಡಿ, ಅದಕ್ಕಿಂತ ಎತ್ತರದ ಜಾಗ ಹುಡುಕಬೇಕು. ನಮ್ಮ ಒಣ ಹಳ್ಳಗಳಿಗೂ ಇದೇ ಮಾತು. ವರ್ಷದ ಹತ್ತು ತಿಂಗಳು ಬರೀ ಉಸುಕಾಗಿ ಬಿದ್ದಿರುವ ಹಳ್ಳ ಒಂದು ಸಂಜೆಯ ಅಡ್ಡ ಮಳೆಗೆ ಎದೆಮಟ್ಟ ಬರಬಹುದು.

ಇನ್ನೊಂದು ಸಂಗತಿ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿದೆ. ಆ ಉಸುಕಿನ ದಂಡೆಗಳು ನೀರುನಾಯಿಗಳು ಮೈಯೊಣಗಿಸುವ, ಮರಿಗಳೊಂದಿಗೆ ಆಡುವ ಜಾಗ. ಮೊಸಳೆಗಳೂ ಅಲ್ಲೇ ಬಿಸಿಲು ಕಾಯುತ್ತವೆ. ಆನೆಗೊಂದಿಯ ಸುತ್ತ ಹಂಪಿ ವಿಶ್ವ ಪರಂಪರೆ ಪ್ರದೇಶದ ನಿಯಮಗಳೂ ಇವೆ. ಅರಣ್ಯ ಇಲಾಖೆಯನ್ನು, ಊರಿನ ಪಂಚಾಯಿತಿಯನ್ನು ಮೊದಲೇ ಕೇಳಿ, ಒಪ್ಪಿಗೆ ಇರುವ ಕಡೆಯೇ ಡೇರೆ ಹಾಕಬೇಕು. ಆ ಪ್ರಾಣಿಗಳಿಗೆ ಬೇರೆ ಮನೆ ಇಲ್ಲ.

ಸಮುದ್ರದ ದಂಡೆಯ ಲೆಕ್ಕ ಬೇರೆ. ಅಲ್ಲಿ ಹಗಲು ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ, ರಾತ್ರಿ ನೆಲ ತಣ್ಣಗಾದ ಮೇಲೆ ನೆಲದಿಂದ ಕಡಲಿಗೆ ತಿರುಗುತ್ತದೆ. ಬಯಲುಸೀಮೆಯಿಂದ ಹೋದವರಿಗೆ ಈ ತಿರುವಿನ ಅನುಭವ ಇರುವುದಿಲ್ಲ. ಸಂಜೆಯ ಗಾಳಿ ನೋಡಿ ಕಡಲಿನ ಕಡೆಯ ಎರಡು ಹಗ್ಗ ಮಾತ್ರ ಬಲವಾಗಿ ಹೂತು ಮಲಗಿದರೆ ಬೆಳಗಿನ ಜಾವ ಬೆನ್ನ ಕಡೆಯಿಂದ ಏಟು ಬೀಳುತ್ತದೆ. ನಾಲ್ಕೂ ಮೂಲೆಗೆ ಸಮನಾಗಿ ಹೂಳಬೇಕು. ಟೆಂಟಿನ ಸಣ್ಣ ಪಕ್ಕ ಗಾಳಿಗೆ ಎದುರಾಗಿರಲಿ, ಬಾಗಿಲು ಗಾಳಿಗೆ ಅಡ್ಡ ಇರಲಿ. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಹೆಚ್ಚು ಮೇಲೆ ಏರುತ್ತದೆ. ಬೆಳದಿಂಗಳಲ್ಲಿ ಕಡಲು ನೋಡಬೇಕೆಂದು ಹುಣ್ಣಿಮೆಗೇ ಹೋಗುವವರು ದಂಡೆಯ ಮೇಲಿನ ಕಸದ ಗೆರೆಯಿಂದ ಸಾಕಷ್ಟು ಹಿಂದೆ ಸರಿದು ಕಟ್ಟಬೇಕು. ಯಾವ ಸಮಯಕ್ಕೆ ಉಬ್ಬರ ಎಂದು ಮೀನುಗಾರರನ್ನು ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಎಲ್ಲಿ ಕಟ್ಟಿದರೂ ಟೆಂಟಿನ ಒಳಗೆ ಒಲೆ ಹಚ್ಚಬಾರದು. ಬೆಂಕಿಯ ಭಯ ಒಂದಾದರೆ, ಮುಚ್ಚಿದ ಬಟ್ಟೆಯೊಳಗೆ ತುಂಬುವ ವಿಷಗಾಳಿಯದು ಇನ್ನೊಂದು, ಅದರ ವಾಸನೆಯೂ ಬರುವುದಿಲ್ಲ. ಗಾಳಿ ಮಿತಿಮೀರಿತು, ಮಿಂಚು ಹತ್ತಿರವಾಯಿತು ಎನಿಸಿದರೆ ಹಗ್ಗ ಬಿಗಿಯುತ್ತಾ ಕೂರದೆ ಮಕ್ಕಳನ್ನು ಎತ್ತಿಕೊಂಡು ಕಾರಿನೊಳಗೆ ಕೂರಬೇಕು. ಟೆಂಟು ಹೋದರೆ ಹೋಗಲಿ, ಇನ್ನೊಂದು ಕೊಳ್ಳಬಹುದು.

ಬೆಳಿಗ್ಗೆ ಬಿಚ್ಚುವಾಗ ಮೊದಲು ಗಾಳಿ ಬರುವ ಕಡೆಯ ಚೀಲವನ್ನು ಹಾಗೇ ಬಿಟ್ಟು, ಗಾಳಿ ಹೋಗುವ ಕಡೆಯದನ್ನು ಅಗೆಯಿರಿ. ಕಂಬಿಗಳನ್ನು ತೆಗೆದು ಬಟ್ಟೆ ನೆಲಕ್ಕೆ ಮಲಗಿದ ಮೇಲೆಯೇ ಉಳಿದವನ್ನು ಕೀಳಬೇಕು, ಇಲ್ಲವಾದರೆ ಮಡಚುವ ಹೊತ್ತಿಗೇ ಅದು ಹಾರಿಹೋಗುತ್ತದೆ. ಚೀಲದ ಉಸುಕನ್ನು ಅಲ್ಲೇ ಸುರಿದು ಖಾಲಿ ಚೀಲವನ್ನು ಎಣಿಸಿ ವಾಪಸ್ ತನ್ನಿ. ಗುಂಡಿಗಳನ್ನು ತುಳಿದು ಮುಚ್ಚಿಬಿಡಿ; ಹೊಳೆಗೆ ನೀರು ಕುಡಿಯಲು ಬರುವ ದನಕರುಗಳ ಕಾಲು ಅವುಗಳಲ್ಲೇ ಸಿಕ್ಕಿ ಮುರಿಯುವುದು. ಸಮುದ್ರದಿಂದ ಬಂದ ಟೆಂಟನ್ನು, ಅದರಲ್ಲೂ ಜಿಪ್ಪು ಮತ್ತು ಕಂಬಿಗಳನ್ನು, ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಮಡಚಿಡಿ.